ಇಳಿವಯಸ್ಸಿನಲ್ಲಿ ಡಿಸ್ಟೋನಿಯಾ: ಮಾತ್ರೆ ಡಬ್ಬಿಯ ಮೇಲೂ ಕಣ್ಣಿರಲಿ

ವಯಸ್ಸಾದವರ ಕತ್ತು ತಾನಾಗಿಯೇ ಒಂದು ಪಕ್ಕಕ್ಕೆ ತಿರುಗತೊಡಗಿದರೆ, ಕಣ್ಣುರೆಪ್ಪೆಗಳು ಬೇಡವೆಂದರೂ ಬಿಗಿಯಾಗಿ ಮುಚ್ಚಿಕೊಳ್ಳತೊಡಗಿದರೆ, ‘ವಯಸ್ಸಾಯಿತಲ್ಲ’ ಎಂದು ಮನೆಯವರು ಸುಮ್ಮನಾಗುವುದುಂಟು. ಉಳುಕಿರಬೇಕೆಂದು ಎಣ್ಣೆ ತಿಕ್ಕಿಸುವವರೂ ಇದ್ದಾರೆ. ಆದರೆ ಇದು ಡಿಸ್ಟೋನಿಯಾ ಎಂಬ ನರಸಂಬಂಧಿ ತೊಂದರೆಯಾಗಿರಬಹುದು.

ಮೆದುಳಿನ ಆಳದಲ್ಲಿರುವ ಕೆಲವು ನರಕೋಶಗಳ ಗುಂಪುಗಳು ನಮ್ಮ ಚಲನವಲನಗಳನ್ನು ಹದದಲ್ಲಿಡುತ್ತವೆ. ಒಂದು ಸ್ನಾಯು ಬಿಗಿಯಾದಾಗ ಅದರ ಎದುರು ಸ್ನಾಯು ಸಡಿಲಗೊಳ್ಳಬೇಕು. ಈ ಹೊಂದಾಣಿಕೆ ತಪ್ಪಿದರೆ ಎರಡೂ ಒಟ್ಟಿಗೆ ಬಿಗಿದು ಆ ಭಾಗ ತಿರುಚಿಕೊಳ್ಳುತ್ತದೆ. ಕೆಲವರಲ್ಲಿ ಗದ್ದವನ್ನು ಬೆರಳಿನಿಂದ ಮುಟ್ಟಿದೊಡನೆ ಕತ್ತು ಸ್ವಲ್ಪ ಹೊತ್ತು ನೇರವಾಗುತ್ತದೆ. ಇದು ರೋಗದ ಲಕ್ಷಣವೇ ಹೊರತು ನಟನೆಯಲ್ಲ. ಹಿರಿಯರನ್ನು ಗದರಬೇಡಿ.

ಕಾರಣಗಳೇನು? ಎಷ್ಟೋ ಸಲ ಸ್ಪಷ್ಟ ಕಾರಣ ಸಿಗುವುದಿಲ್ಲ. 50 ದಾಟಿದ ಮಹಿಳೆಯರಲ್ಲಿ ಹೆಚ್ಚಾಗಿ ಕಾಣುವ ರೆಪ್ಪೆಯ ಸೆಳೆತ ಬಹುಮಟ್ಟಿಗೆ ಈ ಬಗೆಯದು. ಪಾರ್ಕಿನ್‌ಸನ್ ಕಾಯಿಲೆಯವರಿಗೆ ಬೆಳಗಿನ ಹೊತ್ತು ಕಾಲ್ಬೆರಳು ಮಡಚಿಕೊಂಡು ನೋಯಬಹುದು. ಪಾರ್ಶ್ವವಾಯುವಾಗಿ ತಿಂಗಳುಗಳು ಕಳೆದ ಮೇಲೆ ಕೈ ತಿರುಚಿಕೊಳ್ಳುವುದೂ ಉಂಟು.

ಇವುಗಳ ಜೊತೆಗೆ ತಪ್ಪದೆ ನೋಡಬೇಕಾದದ್ದು ಮನೆಯ ಮಾತ್ರೆ ಡಬ್ಬಿ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ಕೊಡುವ ಪ್ರೊಕ್ಲೋರ್‌ಪೆರಜಿನ್, ಕೆಲವು ಗ್ಯಾಸ್ ಮಾತ್ರೆಗಳಲ್ಲಿ ಬೆರೆತಿರುವ ಲೆವೊಸಲ್ಪಿರೈಡ್, ಮನೋರೋಗಕ್ಕೆ ಕೊಡುವ ಹ್ಯಾಲೊಪೆರಿಡಾಲ್ ಇವೆಲ್ಲ ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಕೆಲಸಕ್ಕೆ ಅಡ್ಡಬರುತ್ತವೆ. ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಅಪಾಯ ಹೆಚ್ಚು. ಮೆಟೊಕ್ಲೋಪ್ರಮೈಡನ್ನು 12 ವಾರಗಳಿಗಿಂತ ಹೆಚ್ಚು ಕಾಲ ಬಳಸುವುದರ ವಿರುದ್ಧ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲೇ ಎಚ್ಚರಿಸಿದೆ. ಬೇಗ ಗುರುತಿಸಿ ಔಷಧಿ ಬದಲಿಸಿದರೆ ಗುಣವಾಗುವ ಸಾಧ್ಯತೆ ಹೆಚ್ಚು. ತಡವಾದರೆ ಮಾತ್ರೆ ಬಿಟ್ಟ ಮೇಲೂ ಸೆಳೆತ ಉಳಿಯಬಹುದು. ಹಾಗೆಂದು ಯಾವ ಮಾತ್ರೆಯನ್ನೂ, ಅದರಲ್ಲೂ ಮನೋರೋಗದ ಮಾತ್ರೆಯನ್ನು, ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಕತ್ತು ಮತ್ತು ರೆಪ್ಪೆಯ ಸೆಳೆತಕ್ಕೆ ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದು ಒಳ್ಳೆಯ ಚಿಕಿತ್ಸೆ. ಬಿಗಿದ ಸ್ನಾಯುವಿಗೇ ಕೊಡುವ ಇದರ ಪರಿಣಾಮ ಸುಮಾರು ಮೂರು ತಿಂಗಳು ಇರುತ್ತದೆ. ಆಮೇಲೆ ಮತ್ತೆ ಕೊಡಿಸಬೇಕಾಗುತ್ತದೆ.

ಸೆಳೆತ ಹಠಾತ್ತನೆ ಬಂದು, ಜೊತೆಗೆ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಅದು ಪಾರ್ಶ್ವವಾಯು ಇರಬಹುದು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಉಳಿದ ಸಂದರ್ಭಗಳಲ್ಲಿ ನರರೋಗ ತಜ್ಞರನ್ನು ಕಾಣಿರಿ. ಹೋಗುವಾಗ ಹಿರಿಯರು ಕಳೆದ ಒಂದು ವರ್ಷದಲ್ಲಿ ತೆಗೆದುಕೊಂಡ ಎಲ್ಲ ಮಾತ್ರೆಗಳ ಚೀಟಿ, ಖಾಲಿ ಸ್ಟ್ರಿಪ್‌ಗಳನ್ನು ಜೊತೆಗೆ ಒಯ್ಯಲು ಮರೆಯದಿರಿ.