ಕಳಿಸುವ ಮೊದಲು ಇನ್ನೊಬ್ಬರ ಮೊಬೈಲಿನಲ್ಲಿ ತೆರೆದು ನೋಡಿ

ನಮ್ಮ ಮದ್ರಸದಲ್ಲಿ ಕಲಿತ ಹುಡುಗನೊಬ್ಬ ಈಗ ಮಂಗಳೂರಿನಲ್ಲಿ ಡಿಸೈನರ್. ಮದುವೆ ಕಾರ್ಡು, ಅಂಗಡಿ ಬೋರ್ಡು, ಮೀಲಾದ್ ಫ್ಲೆಕ್ಸ್ ಎಲ್ಲ ಮಾಡ್ತಾನೆ. ದುಬೈಯ ಕಂಪೆನಿಯೊಂದಕ್ಕೆ ಅರ್ಜಿ ಹಾಕುವ ಮುಂಚೆ ತನ್ನ ಕೆಲಸಗಳ ಪೋರ್ಟ್‌ಫೋಲಿಯೊವನ್ನು ನನಗೆ ವಾಟ್ಸ್‌ಆ್ಯಪ್ ಮಾಡಿ, ‘ಉಸ್ತಾದ್, ಒಮ್ಮೆ ನೋಡಿ’ ಅಂದ. ನೋಡಿದರೆ ಅರಬಿ ಅಕ್ಷರಗಳೆಲ್ಲ ಬಿಡಿಬಿಡಿಯಾಗಿ, ಎಡದಿಂದ ಬಲಕ್ಕೆ ಕೂತಿವೆ! ಅರಬಿ ಓದುವವರ ಕೈಗೆ ಇದು ಸಿಕ್ಕಿದ್ದರೆ ಕೆಲಸದ ಆಸೆ ಅಲ್ಲಿಗೇ ಮುಗಿಯುತ್ತಿತ್ತು.

ಸಾಫ್ಟ್‌ವೇರಿನಲ್ಲಿ ಬಲದಿಂದ ಎಡಕ್ಕೆ ಬರೆಯುವ ಸೆಟ್ಟಿಂಗ್ ಹಾಕದಿದ್ದರೆ ಹೀಗಾಗುತ್ತದೆ. ಕನ್ನಡದ ಗೋಳು ಬೇರೆ. ನುಡಿಯ ಹಳೆಯ ಫಾಂಟಿನಲ್ಲಿ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಬರೀ ಅರ್ಥವಿಲ್ಲದ ಚಿಹ್ನೆಗಳು. ಪಿಡಿಎಫ್ ಮಾಡುವಾಗ ಫಾಂಟನ್ನೂ ಒಳಗೆ ಸೇರಿಸಿದರೆ ಈ ತೊಂದರೆ ಇಲ್ಲ.

ಆ ಪಿಡಿಎಫನ್ನು ಈಮೇಲ್ ಮಾಡಿ. ವಾಟ್ಸ್‌ಆ್ಯಪ್ ಆದರೆ ಡಾಕ್ಯುಮೆಂಟ್ ಆಗಿಯೇ ಕಳಿಸಿ, ಫೋಟೊ ಆಗಿ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಸಣ್ಣ ಅಕ್ಷರ ಮಸುಕಾಗುತ್ತದೆ. ಪ್ರೆಸ್ಸಿಗೆಂದು ಸಿಎಂವೈಕೆಯಲ್ಲಿ ಮಾಡಿದ ಬಣ್ಣವನ್ನು ಪರದೆಗೆ ಆರ್‌ಜಿಬಿ ಮಾಡಿಕೊಳ್ಳಬೇಕು. ಬಿಹಾನ್ಸ್‌ನಲ್ಲಿ ಒಂದು ಕಾರ್ಡು ಹೇಗೆ ರೂಪುಗೊಂಡಿತು ಎಂದು ಹಂತಹಂತವಾಗಿ ತೋರಿಸಲು ಜಾಗವಿದೆ. ಇನ್‌ಸ್ಟಾಗ್ರಾಂ ರೀಲ್ಸ್ ಹಾಗಲ್ಲ, 1080×1920ರ ಉದ್ದನೆಯ ಚೌಕಟ್ಟು. ಅಡ್ಡ ಫ್ಲೆಕ್ಸನ್ನು ಅದರಲ್ಲಿ ತುಂಬಿಸಲು ಹೋದರೆ ಎರಡೂ ಬದಿ ಹೋಗುತ್ತದೆ.

ಹುಡುಗ 40 ಕೆಲಸ ತುರುಕಿದ್ದ. ಯಾರಿಗಿದೆ ಅಷ್ಟು ಪುರುಸೊತ್ತು? 12ಕ್ಕೆ ಇಳಿಸಿದೆವು. ಅರಬಿಯನ್ನು ಪಕ್ಕದಲ್ಲೇ ಕೂತು ಅಕ್ಷರ ಅಕ್ಷರ ಓದಿ ಸರಿಮಾಡಿಸಿದೆ. ಕಳೆದ ವಾರ ಕಳಿಸಿದ್ದಾನೆ, ಉತ್ತರ ಇನ್ನೂ ಬಂದಿಲ್ಲ.