ದನದ ಆಸ್ಪತ್ರೆಯಿಂದ ಮುಂದಕ್ಕೆ ಕಳಿಸಿದಾಗ

ನಮ್ಮ ಬೆಳುಗುಪ್ಪದ ಕಡೆ ತೆಲುಗಿನವರು ‘ಪಶುವುಲ ಆಸುಪತ್ರಿ’ ಎನ್ನುತ್ತಾರೆ, ಮನೆಯಲ್ಲಿ ಕನ್ನಡ ಆಡುವ ನಾವು ‘ದನದ ಆಸ್ಪತ್ರೆ’ ಎನ್ನುತ್ತೇವೆ. ಎರಡು ಹೆಸರಿನಲ್ಲೂ ನಾಯಿ ಬೆಕ್ಕುಗಳಿಗೆ ಜಾಗವಿಲ್ಲ. ಅದಕ್ಕೇ ಏನೋ, ಎತ್ತು ಮೇವು ಬಿಟ್ಟರೆ ಓಡುವ ನಾವು, ಹೊಲ ಕಾಯುವ ನಾಯಿಯ ಕಾಲು ಮುರಿದರೆ ‘ನೆಕ್ಕಿಕೊಂಡು ತಾನೇ ವಾಸಿಯಾಗುತ್ತದೆ ಬಿಡು’ ಎಂದು ಸುಮ್ಮನಾಗುತ್ತೇವೆ. ನಾಯಿಗೂ ಆಪರೇಷನ್ನೇ ಎಂದು ನಗುವವರಿದ್ದಾರೆ. ಒಂದು ಕಾಲಕ್ಕೆ ನಾನೂ ನಕ್ಕವನೇ.

ನಾನು ವೈದ್ಯನಲ್ಲ. ಮೆಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಸಾಲದ ಕಾಗದದಲ್ಲಿ ಎಮ್ಮೆಯ ಬಣ್ಣ, ಕೊಂಬಿನ ಆಕಾರ, ಕಿವಿಯ ಬಿಲ್ಲೆಯ ನಂಬರು ಬರೆದುಕೊಂಡದ್ದೇ ನನ್ನ ಪಶುಜ್ಞಾನ. ಉಳಿದದ್ದನ್ನು ಕಲಿಸಿದ್ದು ನಮ್ಮ ಮನೆಯ ನಾಯಿ ಕರಿಯ.

ಶೇಂಗಾ ಕೀಳುವ ಕಾಲ. ಟ್ರ್ಯಾಕ್ಟರಿನ ಟ್ರೈಲರು ಕರಿಯನ ಹಿಂಗಾಲಿನ ಮೇಲೆ ಹತ್ತಿತು. ನಾನೇ ಬಿದಿರಿನ ದಬ್ಬೆ ಇಟ್ಟು ಹಳೆಯ ಪಂಚೆಯ ಅಂಚಿನಿಂದ ಕಟ್ಟಿದೆ. ಬಿಗಿದಷ್ಟೂ ಒಳ್ಳೆಯದೆಂದು ನನ್ನ ಎಣಿಕೆ. ಆರನೆಯ ದಿನ ವಾಸನೆ ಬಂತು. ಬಿಚ್ಚಿ ನೋಡಿದರೆ ಪಾದ ತಣ್ಣಗಾಗಿ ಕಪ್ಪಗಾಗಿತ್ತು. ನಮ್ಮ ಡಾಕ್ಟರು ನೋಡಿ, ‘ಇದು ಇಲ್ಲಿ ಆಗುವ ಕೆಲಸವಲ್ಲ, ಬೆಂಗಳೂರಿಗೆ ಒಯ್ಯಿರಿ’ ಎಂದು ಚೀಟಿ ಬರೆದುಕೊಟ್ಟರು. ಅಲ್ಲಿ ಕಾಲನ್ನೇ ತೆಗೆಯಬೇಕಾಯಿತು. ಮೂಳೆ ಮುರಿದದ್ದಕ್ಕಲ್ಲ, ನನ್ನ ಕಟ್ಟು ರಕ್ತದ ಓಡಾಟ ನಿಲ್ಲಿಸಿದ್ದಕ್ಕೆ.

ಈ ‘ಮುಂದಕ್ಕೆ ಕಳಿಸುವುದು’ ಎಂದರೇನು? ಗಾಯಕ್ಕೆ ಹೊಲಿಗೆ, ಬೀಜ ಒಡೆಯುವುದು, ಕಷ್ಟದ ಹೆರಿಗೆ, ಇವನ್ನೆಲ್ಲ ಹತ್ತಿರದ ಪಶುವೈದ್ಯರೇ ಮಾಡುತ್ತಾರೆ. ಆದರೆ ತೊಡೆಯ ಮೂಳೆಯ ವಿಷಯ ಬೇರೆ. ಮುರಿದ ಮೂಳೆ ಕೂಡಬೇಕಾದರೆ ಅದರ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಅಲುಗಾಡಬಾರದು. ಮೊಣಕಾಲಿನ ಕೆಳಗೆ ಮುರಿದರೆ ಪ್ಲಾಸ್ಟರ್ ಹಾಕಿ ಸಾಧಿಸಬಹುದು. ತೊಡೆ ಮುರಿದರೆ ಸೊಂಟದ ಕೀಲನ್ನು ಯಾವ ಪ್ಲಾಸ್ಟರೂ ಹಿಡಿದು ನಿಲ್ಲಿಸದು. ಆಗ ಒಳಗೆ ಉಕ್ಕಿನ ಸರಳನ್ನೋ, ಸ್ಕ್ರೂ ಹಾಕಿದ ಪಟ್ಟಿಯನ್ನೋ ಕೂರಿಸಬೇಕು. ಅದಕ್ಕೆ ಎಕ್ಸ್‌ರೇ ಬೇಕು, ಪೂರ್ತಿ ಮಂಪರು ಕೊಟ್ಟು ಉಸಿರನ್ನು ಕಾಯುವವರು ಬೇಕು, ಅದರಲ್ಲೇ ಕೈ ಪಳಗಿದ ಸರ್ಜನ್ ಬೇಕು. ಇಷ್ಟನ್ನು ಪ್ರತಿ ಮಂಡಲದಲ್ಲಿಯೂ ಇಡಲಾಗುವುದಿಲ್ಲ.

ಗಡಿಯಲ್ಲಿರುವ ನಮಗೆ ಎರಡು ದಾರಿಗಳಿವೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜು 1958ರಲ್ಲಿ ಆರಂಭವಾದದ್ದು, ಈಗ ಬೀದರಿನ ವಿಶ್ವವಿದ್ಯಾಲಯಕ್ಕೆ ಸೇರಿದೆ. ತಿರುಪತಿಯದು ಅದಕ್ಕಿಂತ ಹಳೆಯದು, 1955ರದು. ಎರಡೂ ಕಲಿಸುವ ಆಸ್ಪತ್ರೆಗಳು. ವಿದ್ಯಾರ್ಥಿಗಳು ನಿಮ್ಮ ನಾಯಿಯ ಸುತ್ತ ನಿಂತು ನೋಡಿದರೆ ಗಾಬರಿಯಾಗಬೇಡಿ. ಅಲ್ಲಿ ಕನ್ನಡ, ಇಲ್ಲಿ ತೆಲುಗು, ನಮಗೆ ಎರಡೂ ಬರುತ್ತದೆ. ಎರಡು ಭಾಷೆ ಬಂದದ್ದಕ್ಕೆ ಇದೊಂದು ಲಾಭ.

ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ ಎಂಬುದನ್ನು ತಿಳಿದಿರಿ. ಗಂಡು ನಾಯಿ ಕಾಲೆತ್ತಿ ತಿಣುಕಿದರೂ ಮೂತ್ರ ಬರದಿದ್ದರೆ ದಾರಿಗೆ ಕಲ್ಲು ಅಡ್ಡ ಬಂದಿರಬಹುದು. ನಾಳೆ ಎನ್ನಬೇಡಿ. ವಯಸ್ಸಾದ ಹೆಣ್ಣು ನಾಯಿ ಬೆದೆ ಮುಗಿದ ಕೆಲವು ವಾರಕ್ಕೆ ಊಟ ಬಿಟ್ಟು, ಬಿಂದಿಗೆಗಟ್ಟಲೆ ನೀರು ಕುಡಿಯತೊಡಗಿದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಕೀವು ಹೊರಗೆ ಸೋರಿದರೆ ನಮಗೆ ಕಾಣುತ್ತದೆ, ಸೋರದೆ ಒಳಗೇ ನಿಂತರೆ ಇನ್ನೂ ಅಪಾಯ. ಗರ್ಭಕೋಶ ತೆಗೆದರೆ ಬದುಕುತ್ತದೆ. ಹೊಟ್ಟೆ ಇದ್ದಕ್ಕಿದ್ದಂತೆ ತಮಟೆಯಂತೆ ಉಬ್ಬಿ, ವಾಂತಿಗೆ ಓಕರಿಸಿದರೂ ಏನೂ ಬರದಿದ್ದರೆ ಅದು ಗಂಟೆಗಳ ಲೆಕ್ಕ. ಚರ್ಮದ ಮೇಲಿನ ಗಂಟಿಗೆ ಕೆಲವು ದಿನ ತಡೆದು ಹೋಗಬಹುದು, ಬೆಳೆಯುತ್ತಿದ್ದರೆ ಮಾತ್ರ ತಡೆಯಬೇಡಿ.

ದನದ ಮಾತು ಬಂದರೆ, ನಮ್ಮ ಪುಟ್ಟಪರ್ತಿಯನ್ನು ಬಿಡುವಂತಿಲ್ಲ. ಅಲ್ಲಿನ ಕರುಣಾ ಸೊಸೈಟಿ ಬೀದಿ ಹಸುಗಳ ಹೊಟ್ಟೆಯಿಂದ ಆಪರೇಷನ್ ಮಾಡಿ ಪ್ಲಾಸ್ಟಿಕ್ ತೆಗೆದು ದೇಶಕ್ಕೆ ತೋರಿಸಿತು. ಪ್ಲಾಸ್ಟಿಕ್ ಚೀಲಗಳ ಮೇಲೆ 2012ರಲ್ಲಿ ಸುಪ್ರೀಂ ಕೋರ್ಟಿಗೂ ಹೋಯಿತು. ಹಸು ನಿಂತಿರುವಾಗಲೇ ಎಡ ಪಕ್ಕೆಗೆ ಮರಗಟ್ಟಿಸುವ ಸೂಜಿ ಕೊಟ್ಟು, ಕೊಯ್ದು, ದೊಡ್ಡ ಹೊಟ್ಟೆಯನ್ನು ತೆರೆದು, ಒಳಗಿನದನ್ನು ಕೈಯಿಂದ ಎಳೆದು ತೆಗೆಯುತ್ತಾರೆ. ಹಗ್ಗ, ಚೀಲ, ಒಮ್ಮೊಮ್ಮೆ ಮೊಳೆ ಕೂಡ. ಮುಸುರೆಯ ಜೊತೆ ನಾವು ಕಟ್ಟಿ ಎಸೆದದ್ದೇ ಅದು.

ಇನ್ನು ಹೊರಡುವ ಮಾತು. ಮುರಿದ ಕಾಲಿರುವ ನಾಯಿಯನ್ನು ಹಲಗೆಯ ಮೇಲೋ, ಮಡಿಸಿದ ಕಂಬಳಿಯ ಮೇಲೋ ಮಲಗಿಸಿ. ನೋವಿಗೆ ಸಾಕಿದವನನ್ನೂ ಕಚ್ಚುತ್ತದೆ, ಆದ್ದರಿಂದ ಮೂತಿಗೆ ಬಟ್ಟೆ ಕಟ್ಟಿ. ಏದುಸಿರು ಬಿಡುತ್ತಿದ್ದರೆ, ವಾಂತಿ ಮಾಡುತ್ತಿದ್ದರೆ ಮಾತ್ರ ಕಟ್ಟಬೇಡಿ. ಪಾಪ ಎಂದು ದಾರಿಯಲ್ಲಿ ಹಾಲು, ಬಿಸ್ಕತ್ತು ಕೊಡಬೇಡಿ. ಮಂಪರಿನಲ್ಲಿ ವಾಂತಿಯಾದರೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ನಮ್ಮ ನೋವಿನ ಮಾತ್ರೆಗಳನ್ನಂತೂ ಹಾಕಲೇಬೇಡಿ, ಬೆಕ್ಕಿಗೆ ಪ್ಯಾರಸಿಟಮಾಲ್ ವಿಷವೇ ಸರಿ. ಏನೂ ತೋಚದಿದ್ದರೆ ಮೊದಲು 1962ಕ್ಕೆ ಫೋನ್ ಮಾಡಿ. ಆಂಧ್ರದಲ್ಲೂ ಕರ್ನಾಟಕದಲ್ಲೂ ಪಶುಗಳ ಸಂಚಾರಿ ಗಾಡಿಗೆ ಅದೇ ನಂಬರು. ನಮ್ಮ ಡಾಕ್ಟರ ಚೀಟಿಯಲ್ಲಿ ಯಾವ ಸೂಜಿ, ಯಾವ ಹೊತ್ತಿಗೆ ಎಂದು ಬರೆಸಿಕೊಳ್ಳಿ. ಅಲ್ಲಿನವರು ಮೊದಲು ಕೇಳುವುದು ಅದನ್ನೇ.

ಕರಿಯ ಮೂರು ಕಾಲಿನಲ್ಲಿ ಎದ್ದು ನಿಂತಾಗ ನಾನು ಮುಖ ತಿರುಗಿಸಿಕೊಂಡೆ. ಅದಕ್ಕೆ ಮಾತ್ರ ಏನೂ ಅನ್ನಿಸಿದಂತಿರಲಿಲ್ಲ, ತಿಂಗಳೊಳಗೆ ಮೇಕೆಗಳ ಹಿಂದೆ ಓಡಿತು. ಹೊಲಿಗೆ ನೆಕ್ಕದಂತೆ ಕೊರಳಿಗೆ ತಳ ಕತ್ತರಿಸಿದ ಪ್ಲಾಸ್ಟಿಕ್ ಬಕೆಟ್ಟು ಹಾಕಿದ್ದೆವು, ಓಣಿಯ ಮಕ್ಕಳಿಗೆಲ್ಲ ನಗು. ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಿದ್ದು ನಮ್ಮೂರ ಡಾಕ್ಟರೇ. ಅಷ್ಟಕ್ಕಾಗಿ ಮತ್ತೆ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಅಲ್ಲಿಂದ ಹೊರಡುವಾಗಲೇ ಇದನ್ನು ಕೇಳಿಕೊಂಡು ಬನ್ನಿ.