‘ಪರಿಣಾಮ’ಕ್ಕೆ ಹೊಣೆ ಯಾರು?

ಮೊನ್ನೆ ವೃದ್ಧ ಗೃಹಸ್ಥರೊಬ್ಬರು ತಮಗೆ ಬಂದ ನೋಟೀಸೊಂದನ್ನು ನಮ್ಮ ಮುಂದೆ ಹಿಡಿದರು. ಮನೆಯ ಕರದ ಬಾಕಿಯನ್ನು ಒಡನೆಯೇ ತುಂಬತಕ್ಕದ್ದೆಂದೂ, ತಪ್ಪಿದಲ್ಲಿ ಮುಂದಿನ ಪರಿಣಾಮಗಳಿಗೆ ಅವರೇ ಹೊಣೆಗಾರರೆಂದೂ ಅದರಲ್ಲಿ ಬರೆದಿತ್ತು. “ಪರಿಣಾಮವೆಂದರೆ ಏನು, ರಾಯರೇ? ದಂಡವೇ, ಜಪ್ತಿಯೇ, ನಳದ ನೀರು ನಿಲ್ಲಿಸುವದೇ?” ಎಂದು ಅವರು ಕೇಳಿದರು. ನಮಗೆ ಉತ್ತರ ತೋಚಲಿಲ್ಲ. ಕನ್ನಡ ಬಲ್ಲವನಿಗೆ ಕನ್ನಡದ ಕಾಗದವೇ ತಿಳಿಯದಿದ್ದರೆ ದೋಷವು ಯಾರದು?

ಈ ಶಬ್ದದ ಪೂರ್ವವೃತ್ತಾಂತವು ಕುತೂಹಲಕರವಾಗಿದೆ. ‘ಪರಿ’ ಎಂಬ ಉಪಸರ್ಗಕ್ಕೆ ಬಾಗುವದೆಂಬ ಅರ್ಥದ ‘ನಮ್’ ಧಾತುವು ಸೇರಿ ‘ಪರಿಣಾಮ’ವಾಗಿದೆ. ಒಂದು ಸ್ಥಿತಿಯು ಇನ್ನೊಂದು ಸ್ಥಿತಿಗೆ ತಿರುಗುವದೇ ಅದರ ಮೂಲಾರ್ಥ. ಹಾಲು ಮೊಸರಾಗುವದನ್ನು ದಾರ್ಶನಿಕರು ಇದಕ್ಕೆ ನಿದರ್ಶನವಾಗಿ ಕೊಡುತ್ತಾರೆ. ನಮ್ಮ ವಚನಕಾರರಲ್ಲಿಯಾದರೋ ‘ಪರಿಣಾಮ’ವೆಂದರೆ ತೃಪ್ತಿ, ಸಮಾಧಾನ. 12ನೆಯ ಶತಮಾನದಲ್ಲಿ ಮನಸ್ಸನ್ನು ತಣಿಸುತ್ತಿದ್ದ ಶಬ್ದವು ಇಂದು ಗೃಹಸ್ಥರ ನಿದ್ದೆಗೆಡಿಸುತ್ತಿರುವದು ವಿಚಿತ್ರವಲ್ಲವೇ?

ಇದರ ಸಮಾನಾರ್ಥಕಗಳೆಂದು ನಾವು ಎಣಿಸುವ ಶಬ್ದಗಳು ವಾಸ್ತವವಾಗಿ ಸಮಾನಾರ್ಥಕಗಳಲ್ಲ. ‘ಫಲ’ವು ಮಾಡಿದವನಿಗೆ ಬಂದು ಮುಟ್ಟತಕ್ಕದ್ದು. ‘ಫಲಿತಾಂಶ’ವು ಪರೀಕ್ಷೆಗೋ ಚುನಾವಣೆಗೋ ಸಲ್ಲತಕ್ಕದ್ದು, ಎಣಿಕೆ ಮುಗಿದ ಮೇಲೆಯೇ ಅದು ಹೊರಬೀಳುತ್ತದೆ. ‘ಪ್ರತಿಫಲ’ವು ದುಡಿಮೆಗೆ ದೊರೆಯುವ ಸಲ್ಲಿಕೆ. ‘ಪರ್ಯವಸಾನ’ವು ಒಂದು ಪ್ರಕರಣದ ಕೊನೆ. ಔಷಧದಿಂದ ರೋಗವು ಇಳಿಯುವದು ಪರಿಣಾಮ. ಅದರಿಂದಲೇ ಹೊಟ್ಟೆ ಕೆಡುವದು ದುಷ್ಪರಿಣಾಮ. ವ್ಯಾಪಾರಿಯು ಪ್ರತಿಫಲವನ್ನು ಕೇಳುವಲ್ಲಿ ಪರಿಣಾಮವನ್ನು ಕೇಳನು. ವಿದ್ಯಾರ್ಥಿಯು ಫಲಿತಾಂಶಕ್ಕೆ ಕಾಯುವಲ್ಲಿ ಪರ್ಯವಸಾನಕ್ಕೆ ಕಾಯನು.

ಕ್ರಿಯಾಪದಗಳನ್ನು ನೋಡಿದರೆ ಭೇದವು ಇನ್ನೂ ಸ್ಪಷ್ಟವಾಗುವದು. ಪರಿಣಾಮವು ‘ಆಗುತ್ತದೆ’, ಫಲವನ್ನು ‘ಉಣ್ಣುತ್ತೇವೆ’. ಆಗುವದಕ್ಕೆ ಕರ್ತೃವು ಕಾಣಬೇಕೆಂದಿಲ್ಲ. ಉಣ್ಣುವದಕ್ಕೆ ಉಣ್ಣುವವನು ಇರಲೇಬೇಕು. ‘ಪರಿಣಾಮವನ್ನು ಎದುರಿಸು’ ಎಂಬುದರಲ್ಲಿ ಇಂಗ್ಲಿಷಿನ ಜಾಡು ಕಾಣುತ್ತದೆ. ನಮ್ಮ ಜನರು ‘ಮಾಡಿದ್ದುಣ್ಣೋ ಮಹಾರಾಯ’ ಎಂದರು. ಎಂ. ಎಸ್. ಪುಟ್ಟಣ್ಣನವರು 1915ರಲ್ಲಿ ಪ್ರಕಟವಾದ ತಮ್ಮ ಕಾದಂಬರಿಗೆ ಈ ಗಾದೆಯನ್ನೇ ಹೆಸರಾಗಿಟ್ಟರು. ‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಎಂಬ ಇನ್ನೊಂದು ಗಾದೆಯಲ್ಲಿ ತಿಂದದ್ದು ಏನು, ತಿಂದವನು ಯಾರು, ಮುಂದೆ ಆಗತಕ್ಕದ್ದು ಏನು ಎಂಬ ಮೂರೂ ನಾಲ್ಕೇ ಮಾತುಗಳಲ್ಲಿ ಅಡಗಿವೆ. ಅಕ್ಷರವರಿಯದವನಿಗೂ ಅದು ತಿಳಿಯುತ್ತದೆ.

ಕಚೇರಿಯ ಭಾಷೆಯು ಈ ಜಾಣ್ಮೆಯನ್ನು ಬಿಟ್ಟುಕೊಟ್ಟಿದೆ. ‘ಮಳೆಯ ಪರಿಣಾಮವಾಗಿ ಕಾಮಗಾರಿಯು ವಿಳಂಬವಾಯಿತು’ ಎಂದು ವರದಿಯಲ್ಲಿ ಬರೆದರೆ ಗುತ್ತಿಗೆದಾರನೂ ಉಳಿದನು, ಮೇಲ್ವಿಚಾರಕನೂ ಉಳಿದನು. ಅಪರಾಧವೆಲ್ಲ ಮೋಡದ ಮೇಲೆ ಬಿತ್ತು. ಪ್ರಜೆಗೆ ಬರೆಯುವಾಗ ಮಾತ್ರ ಹೊಣೆಗಾರನ ಹೆಸರು ತಪ್ಪದೆ ಬರುತ್ತದೆ, ಶಿಕ್ಷೆಯ ಹೆಸರು ಬರುವದಿಲ್ಲ. ತಮ್ಮ ಸರದಿಗೆ ಕರ್ತೃವನ್ನು ಮರೆಮಾಡುವದು, ಪ್ರಜೆಯ ಸರದಿಗೆ ಕರ್ಮವನ್ನು ಮರೆಮಾಡುವದು, ಇದು ನ್ಯಾಯವಲ್ಲ. ನಾವು ಪತ್ರಿಕೆಯವರೂ ನಿರ್ದೋಷಿಗಳಲ್ಲ. ‘ಭಾರಿ ಪರಿಣಾಮ ಬೀರಿದೆ’ ಎಂದು ಬರೆದು, ಒಳಿತೋ ಕೆಡುಕೋ, ಯಾರಿಗೆ, ಎಷ್ಟು ಎಂಬುದನ್ನು ಹೇಳದೆ ಲೇಖನಿಯನ್ನು ಕೆಳಗಿಟ್ಟ ದಿನಗಳು ಎಷ್ಟೋ ಇವೆ.

1963ರ ರಾಜಭಾಷಾ ಕಾಯ್ದೆಯಿಂದ ಕನ್ನಡವು ನಮ್ಮ ರಾಜ್ಯದ ಆಡಳಿತಭಾಷೆಯಾಯಿತು. ಲಿಪಿ ಬದಲಾದ ಮಾತ್ರಕ್ಕೆ ಆ ಕಾಯ್ದೆಯ ಉದ್ದೇಶವು ಈಡೇರುವದಿಲ್ಲ; ಓದಿದವನಿಗೆ ತಿಳಿಯಬೇಕು. ಇಂಥ ತಾರೀಖಿನೊಳಗೆ ಹಣ ತುಂಬದಿದ್ದರೆ, ಇಂಥ ಕಲಮಿನ ಮೇರೆಗೆ, ಇಂಥ ಅಧಿಕಾರಿಯು ಇಷ್ಟು ದಂಡ ವಿಧಿಸುವನು ಎಂದು ಬರೆಯುವದಕ್ಕೆ ಹೆಚ್ಚೆಂದರೆ ಒಂದು ಸಾಲು ಬೇಕು. ಆ ಸಾಲನ್ನು ಬರೆದ ಅಧಿಕಾರಿಯು ತನ್ನ ಅಧಿಕಾರದ ಮೇರೆಯನ್ನೂ ತಾನೇ ಬರೆದುಕೊಟ್ಟಂತಾಗುವದು; ಅದಕ್ಕೇ ಅದು ಬರೆಯಲ್ಪಡದೆ ಉಳಿಯುವದೋ ಏನೋ!

ನಮ್ಮ ಗೃಹಸ್ಥರು ಮರುದಿನವೇ ಸಾಲ ತಂದು ಬಾಕಿಯನ್ನು ತುಂಬಿದರು. ಅದು ತಿಳಿವಳಿಕೆಯಿಂದಾದ ಕೆಲಸವಲ್ಲ, ಅಂಜಿಕೆಯಿಂದಾದುದು. ಹಣವು ಬಂದಿತೆಂದು ಕಚೇರಿಯು ಸಂತೋಷಪಡಬಹುದು. ಆದರೆ ಅಂಜಿಸಿ ತೆಗೆದುಕೊಂಡ ಕರದಿಂದ ಪ್ರಜೆಗೂ ಸರಕಾರಕ್ಕೂ ನಡುವೆ ಬೆಳೆಯುವದು ಏನೆಂಬುದನ್ನು ಅಧಿಕಾರಿಗಳು ಯೋಚಿಸಲಿ. ಅದೂ ಒಂದು ಪರಿಣಾಮವೇ. ಅದಕ್ಕೆ ಹೊಣೆಗಾರರು ಅವರೇ.